ಗಂಡ ಊರಲ್ಲಿಲ್ಲದ ತಿಂಗಳು: ಬ್ರೆಜಿಲ್‌ನ ಮೊದಲ ಸಾಮ್ರಾಜ್ಞಿ ಲಿಯೋಪೋಲ್ಡಿನಾ, ಒಂದು ಪ್ರಕರಣ ಅಧ್ಯಯನ

1822ರ ಆಗಸ್ಟ್ 13ರಂದು ರಿಯೊ ಡಿ ಜನೈರೊದಲ್ಲಿ ಪೋರ್ಚುಗಲ್ ರಾಜನ ಮಗ, ಬ್ರೆಜಿಲ್‌ನಲ್ಲಿ ಅವನ ಪ್ರತಿನಿಧಿಯಾಗಿದ್ದ ರಾಜಕುಮಾರ ಪೆಡ್ರೊ ಒಂದು ಆದೇಶ ಹೊರಡಿಸಿದ. ತಾನು ಸಾವೊ ಪಾಲೊಗೆ ಹೋಗಿ ಬರುವ ತನಕ ಆಡಳಿತವನ್ನು ತನ್ನ ಹೆಂಡತಿ ನೋಡಿಕೊಳ್ಳುತ್ತಾಳೆ, ಮಂತ್ರಿಗಳ ಸಭೆ ಅವಳ ಅಧ್ಯಕ್ಷತೆಯಲ್ಲೇ ನಡೆಯುತ್ತದೆ ಎಂಬುದು ಅದರ ಸಾರ. ಮರುದಿನ ಅವನು ಹೊರಟ.

ಹೆಂಡತಿಯ ಹೆಸರು ಲಿಯೋಪೋಲ್ಡಿನಾ. ವಯಸ್ಸು 25. ಆಸ್ಟ್ರಿಯಾದ ಚಕ್ರವರ್ತಿಯ ಮಗಳು. ಬ್ರೆಜಿಲ್‌ಗೆ ಬಂದು ಐದು ವರ್ಷ ಕೂಡ ತುಂಬಿರಲಿಲ್ಲ. ಅಷ್ಟರಲ್ಲಿ ನಾಲ್ಕು ಹೆರಿಗೆ ಆಗಿತ್ತು, ಇಬ್ಬರು ಮಕ್ಕಳನ್ನು ಮಣ್ಣು ಮಾಡಿಯಾಗಿತ್ತು. ಈಗ ಮತ್ತೆ ಮೂರು ತಿಂಗಳ ಬಸುರಿ.

ಸೆಪ್ಟೆಂಬರ್ 14ಕ್ಕೆ ಪೆಡ್ರೊ ರಿಯೊಗೆ ವಾಪಸ್ ಬಂದಾಗ ಬ್ರೆಜಿಲ್ ಪೋರ್ಚುಗಲ್‌ನ ಕೈಯಲ್ಲಿ ಇರಲಿಲ್ಲ. ಈ ಒಂದು ತಿಂಗಳೇ ಈ ಬರಹದ ಪ್ರಕರಣ. ಯುರೋಪಿನ ಅತ್ಯಂತ ಹಳೇ ಕಾಲದ, ಕ್ರಾಂತಿ ಎಂದರೆ ಬೆಚ್ಚಿಬೀಳುವ ಮನೆತನದಲ್ಲಿ ಬೆಳೆದ ಹುಡುಗಿ ಒಂದು ದೇಶ ಬೇರೆಯಾಗಲಿ ಎಂಬ ತೀರ್ಮಾನಕ್ಕೆ ಬಂದದ್ದು ಹೇಗೆ? ಅಷ್ಟು ದೊಡ್ಡ ತೀರ್ಮಾನ ತೆಗೆದುಕೊಂಡವಳು ನಾಲ್ಕು ವರ್ಷದಲ್ಲಿ ತನ್ನ ಅರಮನೆಯಲ್ಲೇ ಮಾತಿಗೆ ಬೆಲೆಯಿಲ್ಲದವಳಾಗಿ ತೀರಿಕೊಂಡದ್ದು ಯಾಕೆ? ಎರಡೂ ಪ್ರಶ್ನೆಗೆ ಉತ್ತರ ಒಂದೇ ಕಡೆ ಇದೆ ಅಂತ ನನಗೆ ಅನಿಸುತ್ತದೆ. ಅವಳಿಗೆ ಅಧಿಕಾರ ಇದ್ದದ್ದು ಗಂಡ ಬರೆದುಕೊಟ್ಟಾಗ, ಅದೂ ಅವನು ಊರಲ್ಲಿಲ್ಲದಾಗ ಮಾತ್ರ.

ವಿಯೆನ್ನಾದ ಹುಡುಗಿ

ಲಿಯೋಪೋಲ್ಡಿನಾ ಹುಟ್ಟಿದ್ದು 1797ರ ಜನವರಿ 22ರಂದು, ವಿಯೆನ್ನಾದಲ್ಲಿ. ತಂದೆ ಫ್ರಾನ್ಸಿಸ್, ಹ್ಯಾಬ್ಸ್‌ಬರ್ಗ್ ಮನೆತನದ ಚಕ್ರವರ್ತಿ. ಹತ್ತನೇ ವಯಸ್ಸಿಗೆ ತಾಯಿ ಹೋದಳು. ಆಮೇಲೆ ಬಂದ ಮಲತಾಯಿ ಮರಿಯಾ ಲುಡೋವಿಕಾ ಓದಿದವಳು, ಮಕ್ಕಳನ್ನೂ ಓದಿಸಿದವಳು. ಲಿಯೋಪೋಲ್ಡಿನಾಗೆ ಕಲ್ಲು, ಖನಿಜ, ಗಿಡಗಳ ಹುಚ್ಚು ಹತ್ತಿತು. ಅರಮನೆಯ ಹುಡುಗಿಯರಿಗೆ ಚಿತ್ರ ಬಿಡಿಸುವುದು, ಪಿಯಾನೊ ನುಡಿಸುವುದು ಇದ್ದೇ ಇತ್ತು. ಇವಳು ಖನಿಜಗಳನ್ನು ಸಂಗ್ರಹಿಸಿ, ವಿಂಗಡಿಸಿ, ಹೆಸರು ಬರೆದು ಇಡುತ್ತಿದ್ದಳು.

ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತಿದ್ದ ಮುಖ್ಯ ಪಾಠ ಮಾತ್ರ ಬೇರೆ. ತಂದೆ ಹೇಳಿದಲ್ಲಿಗೆ ಮದುವೆಯಾಗಿ ಹೋಗಬೇಕು, ಹೋದಲ್ಲಿ ಮನೆತನದ ಹಿತ ಕಾಯಬೇಕು. ಅವಳ ತಾತನ ತಂಗಿ ಮೇರಿ ಆಂಟೊನೆಟ್ ಫ್ರಾನ್ಸಿಗೆ ರಾಣಿಯಾಗಿ ಹೋಗಿ ಅಲ್ಲಿನ ಕ್ರಾಂತಿಯಲ್ಲಿ ತಲೆ ಕೊಟ್ಟಿದ್ದಳು. ಅಕ್ಕ ಮೇರಿ ಲೂಯಿಸ್‌ಳನ್ನು 1810ರಲ್ಲಿ ನೆಪೋಲಿಯನ್‌ಗೆ ಕೊಟ್ಟರು. ಆಸ್ಟ್ರಿಯಾವನ್ನು ಯುದ್ಧದಲ್ಲಿ ಮತ್ತೆ ಮತ್ತೆ ಸೋಲಿಸಿದವನು, ಮನೆಯಲ್ಲಿ ಮಕ್ಕಳೆಲ್ಲ ದ್ವೇಷಿಸುತ್ತಾ ಬೆಳೆದ ಮನುಷ್ಯ. ಅವನಿಗೇ ಮಗಳನ್ನು ಕೊಟ್ಟದ್ದನ್ನು ಲಿಯೋಪೋಲ್ಡಿನಾ 13ನೇ ವಯಸ್ಸಿನಲ್ಲಿ ಕಣ್ಣಾರೆ ನೋಡಿದಳು. ತನ್ನ ಸರದಿ ಹೇಗಿರಬಹುದು ಅಂತ ಅವಳಿಗೆ ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಸರದಿ ಬಂದದ್ದು ಪೋರ್ಚುಗಲ್‌ನ ಬ್ರಗಾಂಜಾ ಮನೆತನದಿಂದ. ನೆಪೋಲಿಯನ್ ಸೈನ್ಯ ಲಿಸ್ಬನ್ ಕಡೆ ಬಂದಾಗ, 1807ರ ಕೊನೆಯಲ್ಲಿ, ಆ ಮನೆತನ ಇಡೀ ಆಸ್ಥಾನವನ್ನು ಹಡಗಿಗೆ ತುಂಬಿಕೊಂಡು ಬ್ರೆಜಿಲ್‌ಗೆ ಓಡಿಬಂದಿತ್ತು. ಅಲ್ಲಿಂದಾಚೆ ಪೋರ್ಚುಗೀಸ್ ಸಾಮ್ರಾಜ್ಯದ ರಾಜಧಾನಿ ರಿಯೊ. ನಮ್ಮ ಪಕ್ಕದ ಗೋವಾದ ವೈಸ್‌ರಾಯ್‌ಗೂ ಆ ವರ್ಷಗಳಲ್ಲಿ ಆದೇಶ ಬರುತ್ತಿದ್ದದ್ದು ಅಲ್ಲಿಂದಲೇ. 1815ರಲ್ಲಿ ಬ್ರೆಜಿಲ್‌ಗೆ ಪೋರ್ಚುಗಲ್‌ನ ಸಮಕ್ಕೆ ರಾಜ್ಯದ ಸ್ಥಾನ ಸಿಕ್ಕಿತು. ಪೆಡ್ರೊನ ತಂದೆ, ರಾಜ ಆರನೇ ಜುವಾಂವ್‌ಗೆ ಬ್ರಿಟಿಷರ ಹಿಡಿತದಿಂದ ಸ್ವಲ್ಪ ಬಿಡಿಸಿಕೊಳ್ಳಬೇಕಿತ್ತು. ಆಸ್ಟ್ರಿಯಾದ ಮಂತ್ರಿ ಮೆಟರ್ನಿಕ್‌ಗೆ ಅಮೆರಿಕ ಖಂಡದಲ್ಲಿ ಒಂದು ಕಾಲಿಡುವ ಜಾಗ ಬೇಕಿತ್ತು. ಮದುವೆ ಕುದುರಿತು.

1817ರ ಮೇ 13ರಂದು ವಿಯೆನ್ನಾದ ಅಗಸ್ಟೀನಿಯನ್ ಚರ್ಚ್‌ನಲ್ಲಿ ಮದುವೆ ನಡೆಯಿತು. ವರ ಇರಲಿಲ್ಲ. ಅವನ ಜಾಗದಲ್ಲಿ ನಿಂತವನು ವಧುವಿನ ಚಿಕ್ಕಪ್ಪ ಆರ್ಚ್‌ಡ್ಯೂಕ್ ಚಾರ್ಲ್ಸ್. ಗಂಡನನ್ನು ಅವಳು ನೋಡಿದ್ದು ವಜ್ರ ಕೂರಿಸಿದ ಒಂದು ಪುಟ್ಟ ಭಾವಚಿತ್ರದಲ್ಲಿ ಮಾತ್ರ. ಆ ಚಿತ್ರಕ್ಕೆ ಅವಳು ಮನಸೋತಳು, ಪೋರ್ಚುಗೀಸ್ ಕಲಿಯಲು ಕೂತಳು, ಬ್ರೆಜಿಲ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದಳು.

ಅವಳ ಮದುವೆಯ ಜೊತೆಗೇ ಒಂದು ವಿಜ್ಞಾನ ಯಾತ್ರೆಯೂ ಹೊರಟಿತು. ಪ್ರಾಣಿಶಾಸ್ತ್ರಜ್ಞ ನಾಟರರ್, ಬವೇರಿಯಾದ ಸ್ಪಿಕ್ಸ್ ಮತ್ತು ಮಾರ್ಷಿಯಸ್, ಚಿತ್ರಕಾರ ಥಾಮಸ್ ಎಂಡರ್ ಇವರೆಲ್ಲ ಅದರಲ್ಲಿದ್ದರು. ನಾಟರರ್ ಅಂತೂ 18 ವರ್ಷ ಬ್ರೆಜಿಲ್‌ನ ಕಾಡುಮೇಡು ಅಲೆದ. ಬ್ರೆಜಿಲ್‌ನ ಗಿಡಮರ, ಹಕ್ಕಿ, ಮೀನುಗಳ ಬಗ್ಗೆ ಯುರೋಪಿಗೆ ತಿಳಿದದ್ದರಲ್ಲಿ ದೊಡ್ಡ ಪಾಲು ಈ ಯಾತ್ರೆಯದು. ಮದುವೆ ರಾಜಕೀಯದ್ದೇ ಆದರೂ ಅದರ ಬೆನ್ನಿಗೆ ಇಷ್ಟು ಗಟ್ಟಿಯಾದ ಕೆಲಸ ಆದದ್ದು ನನಗೆ ತುಂಬಾ ಖುಷಿ ಕೊಡುವ ವಿಷಯ.

1817ರ ಆಗಸ್ಟ್‌ನಲ್ಲಿ ಇಟಲಿಯ ಲಿವೊರ್ನೊದಲ್ಲಿ ಹಡಗು ಹತ್ತಿದವಳು ನವೆಂಬರ್ 5ಕ್ಕೆ ರಿಯೊ ತಲುಪಿದಳು. ಮುಂದೆ ಅವಳು ಯುರೋಪನ್ನು ಮತ್ತೆ ನೋಡಲೇ ಇಲ್ಲ.

ರಿಯೊದಲ್ಲಿ ಮೊದಲ ನಾಲ್ಕು ವರ್ಷ

ಪೆಡ್ರೊಗೆ ಆಗ 19. ಕುದುರೆ ಸವಾರಿ, ಸಂಗೀತ, ಹೆಂಗಸರು, ಸಿಡಿಮಿಡಿ ಸ್ವಭಾವ. ಆಗಾಗ ಮೂರ್ಛೆರೋಗ ಬರುತ್ತಿತ್ತು. ಓದು ಕಡಿಮೆ, ಚುರುಕು ಜಾಸ್ತಿ. ಮೊದಮೊದಲು ಇಬ್ಬರೂ ಒಟ್ಟಿಗೆ ಸವಾರಿ ಹೋಗುತ್ತಿದ್ದರು, ಒಟ್ಟಿಗೆ ಸಂಗೀತ ನುಡಿಸುತ್ತಿದ್ದರು. ಮಾವ ಜುವಾಂವ್‌ಗೆ ಸೊಸೆ ಎಂದರೆ ಪ್ರೀತಿ. ಅತ್ತೆ ಕಾರ್ಲೋಟಾ ಜೋಕಿನಾ ಗಂಡನ ಮೇಲೇ ಪಿತೂರಿ ಮಾಡುವವಳು. ಸೆಕೆ, ಸೊಳ್ಳೆ, ಬೆನ್ನುಬೆನ್ನಿಗೆ ಬಸಿರು, ಊರಿಂದ ತಿಂಗಳುಗಟ್ಟಲೆ ತಡವಾಗಿ ಬರುವ ಕಾಗದ. 1819ರಲ್ಲಿ ಮರಿಯಾ ಹುಟ್ಟಿದಳು. 1820ರಲ್ಲಿ ಹುಟ್ಟಿದ ಗಂಡುಮಗು ಉಳಿಯಲಿಲ್ಲ. 1821ರ ಮಾರ್ಚ್‌ನಲ್ಲಿ ಜುವಾಂವ್ ಕಾರ್ಲೋಸ್ ಹುಟ್ಟಿದ. ಅವನು ಗಂಡು ವಾರಸುದಾರ, ಇಡೀ ಅರಮನೆಯ ಕಣ್ಣು ಅವನ ಮೇಲೆ.

ಅಷ್ಟರಲ್ಲಿ ಪೋರ್ಚುಗಲ್‌ನಲ್ಲಿ ಕ್ರಾಂತಿ ಆಗಿತ್ತು. 1820ರ ಆಗಸ್ಟ್ 24ರಂದು ಪೋರ್ಟೊ ನಗರದಲ್ಲಿ ಎದ್ದ ಸೈನ್ಯ ಮತ್ತು ವರ್ತಕರು ಸಂವಿಧಾನ ಬೇಕು, ರಾಜ ವಾಪಸ್ ಬರಬೇಕು ಎಂದು ಪಟ್ಟು ಹಿಡಿದರು. ಲಿಸ್ಬನ್‌ನಲ್ಲಿ ಕೋರ್ಟೆಸ್ ಎಂಬ ಸಂಸತ್ತು ಕೂತಿತು. 1821ರಲ್ಲಿ ಅದೇ ಅಲೆ ಗೋವಾದ ವೈಸ್‌ರಾಯ್‌ನನ್ನೂ ಕೆಳಗಿಳಿಸಿತು. ಜುವಾಂವ್ ಏಪ್ರಿಲ್ 26ಕ್ಕೆ ರಿಯೊ ಬಿಟ್ಟು ಹೊರಟ. ಮಗನನ್ನು ತನ್ನ ಪ್ರತಿನಿಧಿಯಾಗಿ ಉಳಿಸಿ ಹೋದ.

ಇಲ್ಲಿ ಲಿಯೋಪೋಲ್ಡಿನಾ ನಿಲುವು ಏನಿತ್ತು ಅನ್ನೋದನ್ನು ಸರಿಯಾಗಿ ಗಮನಿಸಬೇಕು. ಅವಳಿಗೆ ವಾಪಸ್ ಹೋಗಬೇಕಿತ್ತು. ಯುರೋಪ್ ಹತ್ತಿರವಾಗುತ್ತದೆ, ತವರು ಹತ್ತಿರವಾಗುತ್ತದೆ. ಕ್ರಾಂತಿಯವರ ವಿಚಾರಗಳ ಬಗ್ಗೆ ಅವಳಿಗೆ ಭಯವೇ ಇತ್ತು. ನನ್ನ ಗಂಡ ಹೊಸ ವಿಚಾರಗಳನ್ನು ಪ್ರೀತಿಸುತ್ತಾನೆ, ದೇವರೇ ಕಾಪಾಡಬೇಕು ಎಂಬ ಅರ್ಥದಲ್ಲಿ ತಂದೆಗೆ 1821ರಲ್ಲಿ ಬರೆದಿದ್ದಾಳೆ. ಒಂದೇ ವರ್ಷದಲ್ಲಿ ಇದೇ ಹೆಂಗಸು ಗಂಡನಿಗಿಂತ ಮುಂದೆ ಹೋದಳು.

ನಿಲುವು ತಿರುಗಿದ್ದು ಹೇಗೆ

ಲಿಸ್ಬನ್‌ನ ಕೋರ್ಟೆಸ್‌ಗೆ ಬ್ರೆಜಿಲ್ ಮತ್ತೆ ವಸಾಹತು ಆಗಬೇಕಿತ್ತು. ಪೆಡ್ರೊ ಯುರೋಪಿಗೆ ಮರಳಬೇಕು, ರಿಯೊದ ಕೇಂದ್ರ ಕಚೇರಿಗಳು ಮುಚ್ಚಬೇಕು, ಪ್ರಾಂತ್ಯಗಳು ನೇರವಾಗಿ ಲಿಸ್ಬನ್‌ಗೆ ಲೆಕ್ಕ ಒಪ್ಪಿಸಬೇಕು ಎಂಬ ಆದೇಶಗಳು 1821ರ ಡಿಸೆಂಬರ್‌ನಲ್ಲಿ ರಿಯೊಗೆ ಬಂದವು. ಊರು ಕುದಿಯತೊಡಗಿತು.

ಲಿಯೋಪೋಲ್ಡಿನಾ ಈ ವಾರಗಳಲ್ಲಿ ಲೆಕ್ಕ ಹಾಕಿದಳು. ಸುತ್ತ ಸ್ಪ್ಯಾನಿಷ್ ಅಮೆರಿಕ ಚೂರುಚೂರಾಗಿ ಗಣರಾಜ್ಯಗಳಾಗುತ್ತಿತ್ತು. ಹೈಟಿಯಲ್ಲಿ ಗುಲಾಮರು ಎದ್ದು ದೊರೆಗಳನ್ನು ಓಡಿಸಿದ್ದು ಎಲ್ಲರ ನೆನಪಲ್ಲಿತ್ತು. ಪೆಡ್ರೊ ಹಡಗು ಹತ್ತಿದ ಮರುದಿನವೇ ಬ್ರೆಜಿಲ್ ಕೈಬಿಟ್ಟು ಹೋಗುತ್ತದೆ. ಲಿಸ್ಬನ್‌ಗೆ ಹೋದರೆ ಅವನು ಕೋರ್ಟೆಸ್‌ನ ಕೈಗೊಂಬೆ. ಎರಡೂ ಕಡೆ ಸಿಂಹಾಸನ ಹೋಯಿತು. ಉಳಿದರೆ ಕನಿಷ್ಠ ಒಂದು ಕಡೆ ರಾಜಮನೆತನ ಉಳಿಯುತ್ತದೆ. ಅವಳು ಕ್ರಾಂತಿಕಾರಿ ಆಗಿಬಿಟ್ಟಳು ಅಂತ ಈಗ ಬರೆಯುವವರಿದ್ದಾರೆ. ಹಾಗಲ್ಲ. ತವರಿನಲ್ಲಿ ಕಲಿತ ಪಾಠವನ್ನೇ, ಅಂದರೆ ಮನೆತನದ ಹಿತ ಕಾಯುವುದನ್ನೇ, ಅವಳು ಮಾಡಿದಳು. ಆ ಪಾಠ ಅವಳನ್ನು ತಂದೆಗೂ ಮೆಟರ್ನಿಕ್‌ಗೂ ಒಪ್ಪಿಗೆಯಾಗದ ಜಾಗಕ್ಕೆ ಕರೆದೊಯ್ದಿತು. ಅಲ್ಲಿಗೆ ಹೋಗುವ ಧೈರ್ಯ ಅವಳದೇ.

ಇದಕ್ಕೆ ಒಳ್ಳೆಯ ಸಾಕ್ಷಿ ಅವಳು ಷೇಫರ್‌ಗೆ ಬರೆದ ಕಾಗದಗಳು. ಈ ಷೇಫರ್ ಒಬ್ಬ ಜರ್ಮನ್ ವೈದ್ಯ. ಹವಾಯಿ ದ್ವೀಪಗಳಲ್ಲಿ ರಷ್ಯನ್ ಕಂಪನಿಯೊಂದರ ಪರವಾಗಿ ಸಾಹಸ ಮಾಡಲು ಹೋಗಿ ಸೋತು, ಅಲೆದಾಡಿ ಬ್ರೆಜಿಲ್‌ಗೆ ಬಂದಿದ್ದ. ಲಿಯೋಪೋಲ್ಡಿನಾ ಅವನನ್ನು ನಂಬಿದ್ದಳು. 1822ರ ಜನವರಿಯ ಆರಂಭದಲ್ಲಿ ಅವನಿಗೆ ಬರೆದದ್ದರ ಸಾರ ಇಷ್ಟು: ರಾಜಕುಮಾರ ಉಳಿಯುವ ಮನಸ್ಸು ಮಾಡಿದ್ದಾನೆ, ಆದರೆ ನಾನು ಬಯಸುವಷ್ಟು ಗಟ್ಟಿಯಾಗಿ ಅಲ್ಲ. ಗಂಡ ಇನ್ನೂ ತೂಗಾಡುತ್ತಿದ್ದ. ಹೆಂಡತಿ ಆಗಲೇ ತೀರ್ಮಾನಿಸಿಯಾಗಿತ್ತು.

ಜನವರಿ 9ರಂದು 8,000ಕ್ಕೂ ಹೆಚ್ಚು ಸಹಿಗಳಿದ್ದ ಮನವಿ ಪೆಡ್ರೊ ಕೈಗೆ ಬಂತು. ಉಳಿಯುತ್ತೇನೆ ಎಂದು ಅವನು ಘೋಷಿಸಿದ. ಬ್ರೆಜಿಲ್‌ನವರು ಈ ದಿನವನ್ನು ಇಂದಿಗೂ ನೆನೆಯುತ್ತಾರೆ. ಅದರ ಬೆಲೆ ಕೊಟ್ಟವಳು ಲಿಯೋಪೋಲ್ಡಿನಾ.

ಎರಡು ದಿನ ಕಳೆದಿತ್ತು ಅಷ್ಟೇ. ಜನರಲ್ ಅವಿಲೆಸ್‌ನ ಪೋರ್ಚುಗೀಸ್ ಪಡೆ ದಂಗೆ ಎದ್ದಿತು. ಏಳು ತಿಂಗಳ ಬಸುರಿ ಲಿಯೋಪೋಲ್ಡಿನಾ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ನಗರದಿಂದ ದೂರದ ಸಾಂತಾ ಕ್ರೂಸ್ ಎಸ್ಟೇಟ್‌ಗೆ ಹೊರಟಳು. ಜನವರಿ ಎಂದರೆ ಅಲ್ಲಿ ಉರಿಬಿಸಿಲಿನ ಬೇಸಿಗೆ. ಕೆಟ್ಟ ರಸ್ತೆ. ಆ ಪ್ರಯಾಣದಲ್ಲಿ ಜುವಾಂವ್ ಕಾರ್ಲೋಸ್‌ಗೆ ಕಾಯಿಲೆ ಬಂತು. ಫೆಬ್ರವರಿ 4ರಂದು ಅವನು ತೀರಿಕೊಂಡ, ಹನ್ನೊಂದು ತಿಂಗಳ ಮಗು. ದಂಗೆಯ ಸೈನಿಕರೇ ಮಗನನ್ನು ಕೊಂದರು ಎಂದು ಪೆಡ್ರೊ ತಂದೆಗೆ ಬರೆದ. ಮಾರ್ಚ್ 11ಕ್ಕೆ ಜನುವಾರಿಯಾ ಹುಟ್ಟಿದಳು. ಮಗನ ಸಾವಿಗೂ ಮಗಳ ಹುಟ್ಟಿಗೂ ಮಧ್ಯೆ ಐದೇ ವಾರ. ಆ ಐದು ವಾರ ಅವಳು ಹೇಗೆ ಕಳೆದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಸಂಕಟವಾಗುತ್ತದೆ.

ಇಷ್ಟಾದ ಮೇಲೂ ಅವಳು ನಿಲುವು ಬದಲಿಸಲಿಲ್ಲ. ಅದಕ್ಕೊಂದು ಆಸರೆಯೂ ಸಿಕ್ಕಿತ್ತು. ಜನವರಿಯಲ್ಲಿ ಜೊಸೆ ಬೊನಿಫಾಸಿಯೊ ಮಂತ್ರಿಯಾದ. ವಯಸ್ಸು 58. ಬ್ರೆಜಿಲ್‌ನಲ್ಲಿ ಹುಟ್ಟಿ, ಯುರೋಪಿನಲ್ಲಿ ಬಹಳ ವರ್ಷ ಓದಿ ಕೆಲಸ ಮಾಡಿದ ಖನಿಜಶಾಸ್ತ್ರಜ್ಞ. ಅವನು ಮೊದಲು ವಿವರಿಸಿದ ಪೆಟಲೈಟ್ ಎಂಬ ಖನಿಜದಲ್ಲೇ ಮುಂದೆ ಲಿಥಿಯಂ ಪತ್ತೆಯಾದದ್ದು. ಕಲ್ಲುಗಳ ಹುಚ್ಚಿನ ರಾಜಕುಮಾರಿಗೂ ಕಲ್ಲುಗಳ ಪಂಡಿತನಿಗೂ ಚೆನ್ನಾಗಿ ಹೊಂದಿತು. ರಿಯೊದ ಆಸ್ಥಾನದಲ್ಲಿ ಅವಳ ಓದಿಗೆ ಬೆಲೆ ಕೊಟ್ಟು ಮಾತಾಡಿದವರು ಬೆರಳೆಣಿಕೆ ಮಂದಿ. ಅವರಲ್ಲಿ ಇವನು ಒಬ್ಬ.

ಆ ತಿಂಗಳು

ಆಗಸ್ಟ್‌ನಲ್ಲಿ ಸಾವೊ ಪಾಲೊದಲ್ಲಿ ಒಳಜಗಳ ಎದ್ದಿತ್ತು. ಅದನ್ನು ಸರಿಮಾಡಲು ಪೆಡ್ರೊ ತಾನೇ ಹೊರಟ. ರಿಯೊ ಲಿಯೋಪೋಲ್ಡಿನಾ ಕೈಗೆ ಬಂತು.

ಆ ವಾರಗಳ ಪರಿಸ್ಥಿತಿ ಹೇಗಿತ್ತು ನೋಡಿ. ಉತ್ತರದ ಬಹಿಯಾದಲ್ಲಿ ಪೋರ್ಚುಗೀಸ್ ಸೈನ್ಯ ಸಾಲ್ವಡೋರ್ ನಗರವನ್ನು ಹಿಡಿದು ಕೂತಿತ್ತು. ಲಿಸ್ಬನ್‌ನಿಂದ ಇನ್ನಷ್ಟು ಪಡೆ ಬರುತ್ತದೆ ಎಂಬ ಸುದ್ದಿ ಹಬ್ಬಿತ್ತು. ರಿಯೊದಲ್ಲೇ ಪೋರ್ಚುಗಲ್ ಪರ ವರ್ತಕರಿದ್ದರು, ಗಣರಾಜ್ಯ ಬೇಕು ಎನ್ನುವವರಿದ್ದರು. ಸಾವೊ ಪಾಲೊಗೆ ಕಾಗದ ತಲುಪಲು ಐದು ದಿನ ಕುದುರೆ ಓಡಬೇಕು. ಗಂಡನನ್ನು ಕೇಳಿ ಉತ್ತರ ಪಡೆಯುತ್ತೇನೆ ಎಂದರೆ ಹತ್ತು ದಿನ ಹೋಯಿತು.

ಆಗಸ್ಟ್ ಕೊನೆಗೆ ಲಿಸ್ಬನ್‌ನಿಂದ ಹೊಸ ಸುದ್ದಿ ಬಂತು. ಪೆಡ್ರೊ ಮಾಡಿದ್ದೆಲ್ಲ ರದ್ದು. ಅವನ ಮಂತ್ರಿಗಳ ಮೇಲೆ ವಿಚಾರಣೆ. ಅವನು ಇನ್ನು ಮೇಲೆ ಕೋರ್ಟೆಸ್ ನೇಮಿಸಿದವರ ಜೊತೆ, ಕೋರ್ಟೆಸ್ ಹೇಳಿದಂತೆ ಕೆಲಸ ಮಾಡುವ ಬರೀ ಪ್ರತಿನಿಧಿ.

ಸೆಪ್ಟೆಂಬರ್ 2ರಂದು ಮಂತ್ರಿಗಳ ಸಭೆ ಸೇರಿತು ಎಂದು ಬ್ರೆಜಿಲ್‌ನ ಇತಿಹಾಸ ಹೇಳುತ್ತದೆ. ಅಧ್ಯಕ್ಷತೆ ಲಿಯೋಪೋಲ್ಡಿನಾಳದು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ಪೋರ್ಚುಗಲ್ ಜೊತೆಗಿನ ನಂಟು ಕಡಿಯಲೇಬೇಕು ಎಂಬ ಅಭಿಪ್ರಾಯಕ್ಕೆ ಎಲ್ಲರೂ ಬಂದರು. ಬೊನಿಫಾಸಿಯೊ ಒಂದು ಕಾಗದ ಬರೆದ, ಲಿಯೋಪೋಲ್ಡಿನಾ ಒಂದು ಕಾಗದ ಬರೆದಳು. ಲಿಸ್ಬನ್‌ನ ಆದೇಶಗಳ ಜೊತೆ ಅವನ್ನು ಪಾವ್ಲೊ ಬ್ರೆಗಾರೊ ಎಂಬ ಸವಾರನ ಕೈಗೆ ಕೊಟ್ಟು ಓಡಿಸಿದರು.

ಇಲ್ಲಿ ಸ್ವಲ್ಪ ಎಚ್ಚರ ಬೇಕು. ಅವಳೇ ಸ್ವಾತಂತ್ರ್ಯದ ಆದೇಶಕ್ಕೆ ಸಹಿ ಹಾಕಿದಳು ಎಂದು ಈಚೆಗೆ ಎಲ್ಲೆಡೆ ಓಡಾಡುವ ಮಾತು ದಾಖಲೆಗಿಂತ ದೊಡ್ಡದು. ಹಣ್ಣು ಮಾಗಿದೆ, ಈಗಲೇ ಕೊಯ್ದುಕೋ, ಇಲ್ಲದಿದ್ದರೆ ಕೊಳೆಯುತ್ತದೆ ಎಂದು ಅವಳು ಗಂಡನಿಗೆ ಬರೆದಳು ಎನ್ನುವ ಪ್ರಸಿದ್ಧ ಸಾಲಿನ ಬಗ್ಗೆಯೂ ಇತಿಹಾಸಕಾರರಿಗೆ ಅನುಮಾನವಿದೆ. ನನ್ನ ಪ್ರಕಾರ ಆ ಸಾಲೂ ಬೇಡ, ಆ ಸಹಿಯೂ ಬೇಡ. ಅವಳ ಪಾತ್ರ ದೊಡ್ಡದೆಂದು ಹೇಳಲು ಜನವರಿಯ ಕಾಗದಗಳೇ ಸಾಕು. ಎಂಟು ತಿಂಗಳು ಒಂದೇ ನಿಲುವು ಹಿಡಿದು ನಿಂತು, ಅಧಿಕಾರ ಕೈಗೆ ಬಂದ ಕೂಡಲೇ ಅದರಂತೆ ನಡೆದುಕೊಂಡವಳು ಅವಳು.

ಸೆಪ್ಟೆಂಬರ್ 7ರ ಸಂಜೆ ಸಾಂತೋಸ್‌ನಿಂದ ಸಾವೊ ಪಾಲೊಗೆ ಮರಳುತ್ತಿದ್ದ ಪೆಡ್ರೊಗೆ ಇಪಿರಾಂಗಾ ಎಂಬ ತೊರೆಯ ಹತ್ತಿರ ಈ ಕಾಗದಗಳು ಸಿಕ್ಕವು. ಓದಿದ. ಸ್ವಾತಂತ್ರ್ಯ ಇಲ್ಲವೇ ಸಾವು ಎಂದು ಕೂಗಿದ. ಪೆಡ್ರೊ ಅಮೆರಿಕೊ 1888ರಲ್ಲಿ ಮುಗಿಸಿದ ಭಾರಿ ಚಿತ್ರದಲ್ಲಿ ಅವನು ಕುದುರೆ ಮೇಲೆ ಕತ್ತಿ ಎತ್ತಿದ್ದಾನೆ. ನಿಜವಾಗಿ ಅವನು ಬಂದದ್ದು ಹೇಸರಗತ್ತೆಯ ಮೇಲೆ, ಹೊಟ್ಟೆ ಕೆಟ್ಟು ಸುಸ್ತಾಗಿ. ಬ್ರೆಜಿಲ್‌ನ ಪಠ್ಯಪುಸ್ತಕಗಳಲ್ಲಿ ನೂರು ವರ್ಷ ಉಳಿದದ್ದು ಆ ಕತ್ತಿಯ ಚಿತ್ರವೇ. ಸ್ವಾತಂತ್ರ್ಯದ ಶತಮಾನೋತ್ಸವದ ಹೊತ್ತಿಗೆ, 1922ರಲ್ಲಿ, ಜಾರ್ಜಿನಾ ಡಿ ಅಲ್ಬುಕರ್ಕ್ ಎಂಬ ಚಿತ್ರಕಾರ್ತಿ ಇನ್ನೊಂದು ಚಿತ್ರ ಬರೆದಳು. ಅದರಲ್ಲಿ ಕುದುರೆ ಇಲ್ಲ, ಕತ್ತಿ ಇಲ್ಲ. ಮಂತ್ರಿಗಳ ನಡುವೆ ಕೂತು ಅವರ ಮಾತು ಕೇಳುತ್ತಿರುವ ಲಿಯೋಪೋಲ್ಡಿನಾ ಇದ್ದಾಳೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ದೇಶಗಳ ಹುಟ್ಟಿನಲ್ಲಿ ಬಹುಪಾಲು ಕೆಲಸ ನಡೆಯುವುದು ಎರಡನೇ ಚಿತ್ರದಲ್ಲಿ ಇರುವಂಥ ಕೋಣೆಗಳಲ್ಲೇ ಅಲ್ವಾ?

ಅಕ್ಟೋಬರ್ 12ಕ್ಕೆ ಪೆಡ್ರೊ ಚಕ್ರವರ್ತಿ ಎಂದು ಘೋಷಣೆಯಾಯಿತು, ಡಿಸೆಂಬರ್ 1ಕ್ಕೆ ಪಟ್ಟಾಭಿಷೇಕ. ಲಿಯೋಪೋಲ್ಡಿನಾ ಸಾಮ್ರಾಜ್ಞಿ. ಹೊಸ ಬಾವುಟದಲ್ಲಿ ಬ್ರಗಾಂಜಾ ಮನೆತನದ ಹಸಿರು, ಹ್ಯಾಬ್ಸ್‌ಬರ್ಗ್ ಮನೆತನದ ಹಳದಿ. ಇವತ್ತು ಫುಟ್‌ಬಾಲ್ ಮೈದಾನದಲ್ಲಿ ನಾವು ನೋಡುವ ಆ ಬಣ್ಣಗಳಲ್ಲಿ ಅವಳ ತವರಿನ ಪಾಲು ಹೀಗೆ ಸೇರಿದೆ.

ಆ ದೇಶ ಯಾರಿಗೆ ಸ್ವತಂತ್ರವಾಯಿತು ಅನ್ನೋದನ್ನೂ ಹೇಳಲೇಬೇಕು. ಗುಲಾಮಗಿರಿ ಹಾಗೆಯೇ ಉಳಿಯಿತು. ಅದು ಹೋದದ್ದು 1888ರಲ್ಲಿ. ಆ ಕಾಯ್ದೆಗೆ ಸಹಿ ಹಾಕಿದ್ದು ಲಿಯೋಪೋಲ್ಡಿನಾಳ ಮೊಮ್ಮಗಳು ಇಸಾಬೆಲ್. ಚಕ್ರವರ್ತಿ ತಂದೆ ವಿದೇಶದಲ್ಲಿದ್ದಾಗ, ಅವನ ಪ್ರತಿನಿಧಿಯಾಗಿ.

ಸಾಮ್ರಾಜ್ಞಿಯ ಕೆಲಸ

ಸ್ವಾತಂತ್ರ್ಯ ಘೋಷಿಸಿದರೆ ಸಾಲದು, ಬೇರೆ ದೇಶಗಳು ಒಪ್ಪಬೇಕು. ಅಮೆರಿಕ ಸಂಯುಕ್ತ ಸಂಸ್ಥಾನ 1824ರಲ್ಲಿ ಒಪ್ಪಿತು. ಯುರೋಪಿನ ರಾಜರಿಗೆ ಮಾತ್ರ ಇದು ದಂಗೆಯೇ. ಈ ಗೋಡೆಗೆ ಲಿಯೋಪೋಲ್ಡಿನಾ ಕಾಗದಗಳ ಮೂಲಕ ಬಡಿದಳು. ಇಲ್ಲಿ ಇರುವುದು ಗಣರಾಜ್ಯ ಅಲ್ಲ, ನಿಮ್ಮ ಅಳಿಯನ ಸಿಂಹಾಸನ, ನಿಮ್ಮ ಮೊಮ್ಮಕ್ಕಳ ಹಕ್ಕು ಎಂದು ತಂದೆಗೆ ಮತ್ತೆ ಮತ್ತೆ ಬರೆದಳು. 1825ರ ಆಗಸ್ಟ್ 29ರ ಒಪ್ಪಂದದಲ್ಲಿ ಪೋರ್ಚುಗಲ್ ತಾನೇ ಬ್ರೆಜಿಲ್ ಅನ್ನು ಮಾನ್ಯ ಮಾಡಿತು, ಬದಲಿಗೆ 20 ಲಕ್ಷ ಪೌಂಡ್ ಪಡೆಯಿತು. ಅದೇ ವರ್ಷದ ಕೊನೆಗೆ ಆಸ್ಟ್ರಿಯಾ ಒಪ್ಪಿತು. ಮೆಟರ್ನಿಕ್ ಕರಗಿದ್ದು ಅವಳ ಕಾಗದಗಳಿಂದಲೇ ಅಂತ ನಾನು ಹೇಳುವುದಿಲ್ಲ. ಪೋರ್ಚುಗಲ್ ಒಪ್ಪಿದ ಮೇಲೆ ಅವನಿಗೆ ಅಡ್ಡಿ ಉಳಿದಿರಲಿಲ್ಲ.

ಷೇಫರ್‌ನನ್ನು ಜರ್ಮನ್ ನಾಡುಗಳಿಗೆ ಕಳಿಸಿ ಸೈನಿಕರನ್ನೂ ರೈತರನ್ನೂ ಕರೆಸಿದ್ದರ ಹಿಂದೆಯೂ ಅವಳ ಒತ್ತಾಸೆ ಇತ್ತು. 1824ರ ಜುಲೈ 25ರಂದು ಮೊದಲ ಜರ್ಮನ್ ಕುಟುಂಬಗಳು ದಕ್ಷಿಣದ ಒಂದು ಜಾಗಕ್ಕೆ ಬಂದಿಳಿದವು. ಅದಕ್ಕೆ ಅವಳ ಗೌರವಾರ್ಥ ಸಾವೊ ಲಿಯೋಪೋಲ್ಡೊ ಎಂದು ಹೆಸರಿಟ್ಟರು. ಊರು ಇಂದಿಗೂ ಅದೇ ಹೆಸರಲ್ಲಿದೆ.

ಅಧಿಕಾರ ಹೋದ ಮೇಲೆ

1822ರ ಆಗಸ್ಟ್ ಕೊನೆಯಲ್ಲಿ, ಹೆಂಡತಿ ರಿಯೊದಲ್ಲಿ ಮಂತ್ರಿಗಳ ಜೊತೆ ಕೂತಿದ್ದ ಅದೇ ದಿನಗಳಲ್ಲಿ, ಪೆಡ್ರೊ ಸಾವೊ ಪಾಲೊದಲ್ಲಿ ಡೊಮಿಟಿಲಾ ಡಿ ಕಾಸ್ತ್ರೊಳನ್ನು ಭೇಟಿಯಾದ. ಅವನ ಬದುಕಲ್ಲಿ ಬೇರೆ ಹೆಂಗಸರು ಮೊದಲೂ ಇದ್ದರು. ಆದರೆ ಇವಳನ್ನು ಅವನು ಅರಮನೆಗೇ ತಂದ. 1825ರಲ್ಲಿ ಅವಳು ಸಾಮ್ರಾಜ್ಞಿಯ ಮುಖ್ಯ ಸಖಿ ಎಂದು ನೇಮಕವಾದಳು. ಅಂದರೆ ಲಿಯೋಪೋಲ್ಡಿನಾ ಹೋದಲ್ಲೆಲ್ಲ ಅವಳು ಪಕ್ಕದಲ್ಲೇ ಇರುವ ಹಕ್ಕು ಪಡೆದಳು. ಅದೇ ವರ್ಷ ಸಾಂತೋಸ್‌ನ ವೈಕೌಂಟೆಸ್ ಎಂಬ ಪದವಿ, ಮರುವರ್ಷ ಅದಕ್ಕಿಂತ ದೊಡ್ಡ ಮಾರ್ಕೀಸ್ ಪದವಿ. ಅವಳಿಗೆ ಹುಟ್ಟಿದ ಮಗಳನ್ನು ಪೆಡ್ರೊ 1826ರಲ್ಲಿ ಬಹಿರಂಗವಾಗಿ ತನ್ನವಳೆಂದು ಒಪ್ಪಿ ಡಚೆಸ್ ಪದವಿ ಕೊಟ್ಟ. ಅದೇ ವರ್ಷದ ಆರಂಭದಲ್ಲಿ ಬಹಿಯಾ ಯಾತ್ರೆಗೆ ಹೊರಟಾಗ ಒಂದೇ ಹಡಗಿನಲ್ಲಿ ಹೆಂಡತಿಯೂ ಇದ್ದಳು, ಡೊಮಿಟಿಲಾಳೂ ಇದ್ದಳು.

ಈ ಮಧ್ಯೆ ಬಸಿರು, ಹೆರಿಗೆ ನಿಲ್ಲಲಿಲ್ಲ. 1823ರಲ್ಲಿ ಪೌಲಾ, 1824ರಲ್ಲಿ ಫ್ರಾನ್ಸಿಸ್ಕಾ, 1825ರ ಡಿಸೆಂಬರ್ 2ಕ್ಕೆ ತಂದೆಯ ಹೆಸರಿನದೇ ಮಗ ಪೆಡ್ರೊ. ಬೊನಿಫಾಸಿಯೊ 1823ರಲ್ಲೇ ಚಕ್ರವರ್ತಿಯ ಸಿಟ್ಟಿಗೆ ಸಿಕ್ಕಿ ದೇಶ ಬಿಟ್ಟಿದ್ದ. ಕೈಖರ್ಚಿನ ಹಣ ಸಮಯಕ್ಕೆ ಬರುತ್ತಿರಲಿಲ್ಲ. ಬಂದದ್ದನ್ನೂ ಅವಳು ಬಡವರಿಗೆ, ಕಷ್ಟದಲ್ಲಿದ್ದ ಜರ್ಮನ್ನರಿಗೆ ಕೊಟ್ಟುಬಿಡುತ್ತಿದ್ದಳು. ಆಮೇಲೆ ಸಾಲ. ಸಾಮ್ರಾಜ್ಞಿ ಸಾಲಕ್ಕಾಗಿ ಪರಿಚಿತರಿಗೆ ಕಾಗದ ಬರೆಯುವ ಸ್ಥಿತಿ ಬಂತು.

1826ರಲ್ಲಿ ಮಾವ ಜುವಾಂವ್ ತೀರಿಕೊಂಡ. ಪೆಡ್ರೊ ಪೋರ್ಚುಗಲ್ ಕಿರೀಟವನ್ನು ಏಳು ವರ್ಷದ ಮಗಳು ಮರಿಯಾಗೆ ಬಿಟ್ಟುಕೊಟ್ಟ. ಅವಳು ತನ್ನ ಚಿಕ್ಕಪ್ಪ ಮಿಗೆಲ್‌ನನ್ನೇ ಮದುವೆಯಾಗಬೇಕು ಎಂಬುದು ಏರ್ಪಾಡು. ವಿಯೆನ್ನಾದಲ್ಲಿ ತಾಯಿಗೆ ಆದದ್ದೇ ರಿಯೊದಲ್ಲಿ ಮಗಳಿಗೂ ಆಯಿತು, ಇನ್ನೂ ಎಳೆಯ ವಯಸ್ಸಿನಲ್ಲಿ.

ಅವಳು ಯಾಕೆ ಎದುರು ನಿಲ್ಲಲಿಲ್ಲ ಎಂದು ಕೇಳುವುದು ಸುಲಭ. ಎಲ್ಲಿ ನಿಲ್ಲುವುದು? ತವರಿಗೆ ಹೋಗಲು ಸಮುದ್ರ ದಾಟಬೇಕು, ಮಕ್ಕಳನ್ನು ಬಿಟ್ಟು ಹೋಗಬೇಕು. ತಂದೆಯ ರಾಯಭಾರಿ ಬ್ಯಾರನ್ ಮಾರೆಷಲ್ ಎಲ್ಲವನ್ನೂ ನೋಡಿ ವಿಯೆನ್ನಾಗೆ ವರದಿ ಕಳಿಸುತ್ತಿದ್ದ. ವಿಯೆನ್ನಾ ಓದಿ ಸುಮ್ಮನಿತ್ತು. ದೇಶಕ್ಕಾಗಿ ಮಂತ್ರಿಗಳನ್ನು ಕೂಡಿಸಿ ತೀರ್ಮಾನ ಮಾಡಲು ಅವಳಿಗೆ ಆದೇಶಪತ್ರ ಸಿಕ್ಕಿತ್ತು. ತನಗಾಗಿ ಒಂದು ಮಾತು ಹೇಳಲು ಯಾವ ಆದೇಶಪತ್ರವೂ ಇರಲಿಲ್ಲ.

1826ರ ನವೆಂಬರ್‌ನಲ್ಲಿ ಪೆಡ್ರೊ ದಕ್ಷಿಣದ ಯುದ್ಧಭೂಮಿಗೆ ಹೊರಟ. ಲಿಯೋಪೋಲ್ಡಿನಾ ಮತ್ತೆ ಅವನ ಪ್ರತಿನಿಧಿಯಾದಳು. ಅಷ್ಟರಲ್ಲಿ ಕಾಯಿಲೆ ಬಿದ್ದಿದ್ದಳು. ಡಿಸೆಂಬರ್ 2ಕ್ಕೆ ಗರ್ಭಪಾತವಾಯಿತು. ಜ್ವರ ಏರಿತು. ನೋಡಲು ಬಂದ ಡೊಮಿಟಿಲಾಳನ್ನು ಅರಮನೆಯವರು ಕೋಣೆಯ ಒಳಗೆ ಬಿಡಲಿಲ್ಲ. ರಿಯೊದ ಬೀದಿಗಳಲ್ಲಿ ಜನ ಅವಳಿಗಾಗಿ ಪ್ರಾರ್ಥನೆಯ ಮೆರವಣಿಗೆ ನಡೆಸಿದರು. ಡಿಸೆಂಬರ್ 11ರಂದು, ಮೂವತ್ತು ತುಂಬುವ ಮೊದಲೇ, ತೀರಿಕೊಂಡಳು. ಜನರ ಸಿಟ್ಟು ಡೊಮಿಟಿಲಾ ಮತ್ತು ಅವಳ ಬಳಗದ ಕಡೆ ತಿರುಗಿತು.

ಪೆಡ್ರೊ ಅವಳನ್ನು ಒದ್ದ, ಮೆಟ್ಟಿಲಿಂದ ತಳ್ಳಿದ, ತೊಡೆಮೂಳೆ ಮುರಿಯಿತು ಎಂಬ ಕಥೆ ನೂರೆಂಬತ್ತು ವರ್ಷ ಓಡಿತು. 2012ರಲ್ಲಿ ಸಾವೊ ಪಾಲೊ ವಿಶ್ವವಿದ್ಯಾಲಯದ ಸಂಶೋಧಕರು ಇಪಿರಾಂಗಾ ಸ್ಮಾರಕದಲ್ಲಿದ್ದ ಅವಳ ಅವಶೇಷಗಳನ್ನು ಸ್ಕ್ಯಾನ್ ಮಾಡಿದರು. ಮೂಳೆ ಮುರಿದ ಗುರುತು ಸಿಗಲಿಲ್ಲ. ಇದರಿಂದ ಪೆಡ್ರೊ ಮೇಲಿನ ಹೊರೆ ಇಳಿಯಿತು ಎಂದು ನನಗೇನೂ ಅನಿಸುವುದಿಲ್ಲ. ಎಲ್ಲರೆದುರು ವರ್ಷಗಟ್ಟಲೆ ಮಾಡಿದ ಅವಮಾನಕ್ಕೆ ಸ್ಕ್ಯಾನ್‌ನಲ್ಲಿ ಗುರುತು ಕಾಣುವುದಿಲ್ಲ. ಅವಳ ಕಾಗದಗಳಲ್ಲಿ ಅದು ಕಾಣುತ್ತದೆ.

ಆಮೇಲೆ

ಪೆಡ್ರೊಗೆ ಎರಡನೇ ಮದುವೆ ಬೇಕಾಯಿತು. ಮಾರ್ಕ್ವಿಸ್ ಬಾರ್ಬಸೇನಾನನ್ನು ವಧು ಹುಡುಕಲು ಯುರೋಪಿಗೆ ಕಳಿಸಿದ. ಆ ಹೊತ್ತಿಗೆ ರಿಯೊದ ಸುದ್ದಿ ಯುರೋಪಿನ ಆಸ್ಥಾನಗಳಿಗೆಲ್ಲ ಮುಟ್ಟಿತ್ತು. ಒಬ್ಬರಾದ ಮೇಲೆ ಒಬ್ಬರು ರಾಜಕುಮಾರಿಯರು ಬೇಡ ಎಂದರು. ಆಸ್ಟ್ರಿಯಾದ ಚಕ್ರವರ್ತಿಯ ಮಗಳಿಗೇ ಈ ಗತಿ ಬಂದ ಮನೆಗೆ ಯಾರು ಮಗಳನ್ನು ಕೊಡುತ್ತಾರೆ? ಕೊನೆಗೆ 1829ರಲ್ಲಿ ಒಪ್ಪಿದವಳು ಲಾಯ್ಖ್‌ಟೆನ್‌ಬರ್ಗ್‌ನ ಅಮೇಲಿ, ನೆಪೋಲಿಯನ್‌ನ ಮೊದಲ ಹೆಂಡತಿ ಜೋಸೆಫಿನ್‌ಳ ಮೊಮ್ಮಗಳು, 17ರ ಹುಡುಗಿ. ಡೊಮಿಟಿಲಾ ಆಸ್ಥಾನದಲ್ಲಿ ಇದ್ದರೆ ಈ ಮದುವೆಯೂ ಮುರಿಯುತ್ತದೆ ಎಂಬುದು ಪೆಡ್ರೊಗೆ ಗೊತ್ತಿತ್ತು. ಹೊಸ ಹೆಂಡತಿ ಬಂದಿಳಿಯುವ ಮೊದಲೇ ಡೊಮಿಟಿಲಾಳನ್ನು ಸಾವೊ ಪಾಲೊಗೆ ಕಳಿಸಿಬಿಟ್ಟ. ಲಿಯೋಪೋಲ್ಡಿನಾ ಬದುಕಿದ್ದಾಗ ವಿಯೆನ್ನಾ ಆಗಲಿ, ರಿಯೊದ ಮಂತ್ರಿಗಳಾಗಲಿ ಅವನಿಂದ ಮಾಡಿಸದೇ ಹೋದ ಕೆಲಸ ಅದು.